ನಾಲ್ಕೂವರೆಗೆ ಕಾಫಿ, ಐದಕ್ಕೆ ಉಪನ್ಯಾಸ

“ಶನಿವಾರ ಕಲಾ ಮ್ಯೂಸಿಯಂನಲ್ಲಿ ಉಪನ್ಯಾಸವಿದೆ, ಬರುತ್ತೀರಾ?” ಎಂದು ಡ್ರಾಯಿಂಗ್ ಮೇಷ್ಟ್ರು ಕೇಳಿದರೆ, ಮ್ಯಾನೇಜರ್ ರಾಯರು ವಿಷಯ ಯಾವುದೆಂದು ವಿಚಾರಿಸಲೇ ಇಲ್ಲ. ಕಾಫಿ ಮೊದಲೋ ಆಮೇಲೋ ಎಂದು ವಿಚಾರಿಸಿದರು.

“ಮೊದಲು. ನಾಲ್ಕೂವರೆಗೆ ಕಾಫಿ, ಐದಕ್ಕೆ ಉಪನ್ಯಾಸ.”

“ಹಾಗಾದರೆ ಖಂಡಿತ ಬರುತ್ತೇನೆ. ಆಮೇಲೆ ಎಂದಿದ್ದರೆ ಕೊನೆಯವರೆಗೂ ಕೂತಿರಬೇಕಾಗುತ್ತಿತ್ತು.”

ಜೀವಮಾನವಿಡೀ ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡಿದವರು. ಜಾಮೀನಿಲ್ಲದೆ ಯಾವುದಕ್ಕೂ ಒಪ್ಪುವವರಲ್ಲ.

ಕಬ್ಬನ್ ಪಾರ್ಕಿನ ಬೆಂಚಿನ ಆ ತುದಿಯಿಂದ ವಕೀಲರು ಆಕ್ಷೇಪಣೆ ಸಲ್ಲಿಸಿದರು. “ಈ ಮ್ಯೂಸಿಯಂಗಳಿಗೆ ಏನಾಗಿದೆ ಸ್ವಾಮಿ? ಚಿತ್ರ ತೂಗುಹಾಕಿ ಸುಮ್ಮನಿರಬಾರದೇ? ಶನಿವಾರ ಉಪನ್ಯಾಸ, ಸಂಜೆ ಸಿತಾರ್, ಭಾನುವಾರ ಮಕ್ಕಳ ಕೈಗೆ ಜೇಡಿಮಣ್ಣು. ಇದಕ್ಕೂ ಕಲ್ಯಾಣ ಮಂಟಪಕ್ಕೂ ಏನು ವ್ಯತ್ಯಾಸ?”

“ಕಲ್ಯಾಣ ಮಂಟಪದಲ್ಲಿ ಊಟ ಹಾಕುತ್ತಾರೆ,” ಎಂದರು ರಾಯರು.

ಮೇಷ್ಟ್ರಿಗೆ ಇಂಥ ಮಾತು ಸಾಕು. “ವಕೀಲರೇ, ಚಿತ್ರಶಾಲೆಗೆ ಸಂಗೀತ ನುಗ್ಗಿತು ಎನ್ನುತ್ತೀರಿ. ಮುಂಬೈಯಲ್ಲಿ ಆದದ್ದು ತಿರುವುಮುರುವು. ಕಾವಸ್‌ಜಿ ಜಹಾಂಗೀರ್ ಹಾಲ್ 1911ರಲ್ಲಿ ಎದ್ದು ನಿಂತದ್ದೇ ಸಾರ್ವಜನಿಕ ಸಭಾಂಗಣವಾಗಿ. ಭಾಷಣ, ಕಛೇರಿ ಎಲ್ಲ ಆಗಿ, 1996ರಲ್ಲಿ ಅದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಯಿತು. ನಮ್ಮ ಜಗನ್ಮೋಹನ ಅರಮನೆಯನ್ನೇ ನೋಡಿ. ಕಟ್ಟಿದ್ದು 1861ರಲ್ಲಿ. ನಾಲ್ವಡಿಯವರಿಗೆ 1902ರಲ್ಲಿ ಲಾರ್ಡ್ ಕರ್ಜನ್ ಅಧಿಕಾರ ವಹಿಸಿಕೊಟ್ಟದ್ದು ಅಲ್ಲೇ. ಚಿತ್ರಗಳು ಬಂದದ್ದು 1915ರಲ್ಲಿ.”

ವಕೀಲರ ಮುಖ ಅರಳಿತು. “ಅಂದರೆ ಸಂಗೀತ ಮೂಲ ಮಾಲೀಕ, ಚಿತ್ರ ಬಾಡಿಗೆದಾರ. ಇದನ್ನು ಮೊದಲೇ ಹೇಳಬಾರದಿತ್ತೇ? ಬಾಡಿಗೆದಾರನನ್ನು ಎಬ್ಬಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿದೆ.”

ಎಬ್ಬಿಸುವ ಅಗತ್ಯವೇನೂ ಇಲ್ಲ, ಅವನ ಕಡೆ ಯಾರೂ ತಿರುಗಿಯೇ ನೋಡುವುದಿಲ್ಲ ಎಂದೆ ನಾನು. ಜಗನ್ಮೋಹನಕ್ಕೆ ಹೋದವರು ದೀಪ ಹಿಡಿದ ಹೆಂಗಸಿನ ಚಿತ್ರ ಎಲ್ಲಿದೆ ಎಂದು ಕೇಳಿಕೊಂಡು ನೇರವಾಗಿ ಅಲ್ಲಿಗೆ ಹೋಗುತ್ತಾರೆ. ಬೆಳಕು ನಿಜವಾಗಿಯೂ ಮುಖದ ಮೇಲೆ ಬಿದ್ದಂತಿದೆ ಎಂದು ಬೆರಗಾಗುತ್ತಾರೆ. ಹೊರಗೆ ಬಂದು ರವಿವರ್ಮನನ್ನು ಹೊಗಳುತ್ತಾರೆ. ಬರೆದ ಎಸ್. ಎಲ್. ಹಲ್ದಂಕರ್ ಅವರ ಹೆಸರು ಅಲ್ಲೇ ಉಳಿಯುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಂತೂ ಜನ ಒಂದೊಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆಂದು ಅಳೆದೇ ಬಿಟ್ಟಿದ್ದಾರೆ. 2001ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಸರಾಸರಿ ಸುಮಾರು 27 ಸೆಕೆಂಡು.

“ತಿರುಪತಿಯಲ್ಲಿ ಅಷ್ಟು ಹೊತ್ತು ಯಾರು ನಿಲ್ಲಿಸುತ್ತಾರೆ?” ಎಂದರು ರಾಯರು. “ಇದು ಲಾಭವೇ.”

ಅಲ್ಲಿ ಸರದಿಯಲ್ಲಿ ಅರ್ಧ ದಿನ ನಿಂತಿರುತ್ತೇವೆ, ಆದ್ದರಿಂದ ಆ ಒಂದು ಗಳಿಗೆಗೆ ತೂಕವಿದೆ. ಮ್ಯೂಸಿಯಂನಲ್ಲಿ ಸರದಿಯೇ ಇಲ್ಲ, ಅದೇ ತೊಂದರೆ. ಉಪನ್ಯಾಸವೆಂದರೆ ಚಿತ್ರದ ಮುಂದೆ ಹಾಕಿದ ಸರದಿ ಎಂಬುದು ನನ್ನ ವಾದ. ಆದರೆ ಈಚೆಗೆ ಆ ಸರದಿ ದೇವರ ಕಡೆಗೆ ಹೋಗದೆ, ಪರದೆಯ ಮೇಲಿನ ಸ್ಲೈಡುಗಳ ಕಡೆಗೆ ಹೋಗಿ ಅಲ್ಲೇ ಮುಗಿದುಹೋಗುತ್ತದೆ. ಗೋಡೆಯಾಚೆ ಅಸಲು ಚಿತ್ರವಿದ್ದರೂ ಕತ್ತಲೆಯಲ್ಲಿ ಅದರ ನಕಲನ್ನು ನೋಡಿ ಮನೆಗೆ ಬರುತ್ತೇವೆ.

“ಅದೂ ಇಂಗ್ಲಿಷಿನಲ್ಲಿ,” ಎಂದರು ವೀಣೆ ಟೀಚರಮ್ಮ, ಅಷ್ಟು ಹೊತ್ತು ಸುಮ್ಮನಿದ್ದವರು. “ಚಿತ್ರಕಾರ ವೆಂಕಟಪ್ಪನವರ ಬಗ್ಗೆ ಒಂದು ಕಡೆ ಮಾತು ಕೇಳಿದೆ. ಬೆಂಗಳೂರಿನಲ್ಲಿ, ವೆಂಕಟಪ್ಪನವರ ಬಗ್ಗೆ, ಒಂದು ಗಂಟೆ. ‘ನಮಸ್ಕಾರ’ ಬಿಟ್ಟರೆ ಕನ್ನಡವೇ ಇಲ್ಲ.”

“ಕೊನೆಯಲ್ಲಿ ಪ್ರಶ್ನೋತ್ತರ ಇತ್ತೇ?”

“ಇತ್ತು. ಒಬ್ಬರು ಎದ್ದು ‘ನನ್ನದು ಪ್ರಶ್ನೆಯಲ್ಲ, ಒಂದು ಅನಿಸಿಕೆ’ ಎಂದು ಮೈಕ್ ಹಿಡಿದವರು ಬಿಡಲೇ ಇಲ್ಲ.”

ಎಲ್ಲರೂ ವಕೀಲರ ಕಡೆ ನೋಡಿದೆವು. ಅವರು ಮರದ ಮೇಲಿನ ಗಿಳಿ ನೋಡುತ್ತಿದ್ದರು.

ಟೀಚರಮ್ಮನ ಸಿಟ್ಟು ಇನ್ನೂ ಇಳಿದಿರಲಿಲ್ಲ. ವೆಂಕಟಪ್ಪನವರು ಕಲ್ಕತ್ತದಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಚಿತ್ರ ಕಲಿತದ್ದನ್ನು ಎಲ್ಲರೂ ಹೇಳುತ್ತಾರಂತೆ. ವೀಣೆ ಶೇಷಣ್ಣನವರ ಶಿಷ್ಯರಾಗಿದ್ದದ್ದನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರಂತೆ. “ಆ ಊಟಿಯ ಜಲವರ್ಣಗಳ ಎದುರು ವೀಣೆ ನುಡಿಸುವುದಕ್ಕೆ ಯಾವ ನೆಪವೂ ಬೇಕಿಲ್ಲ. ಆದರೆ ನಮ್ಮನ್ನು ಕರೆಯುವುದು ಹೇಗೆ ಗೊತ್ತೇ? ಒಂದು ಪ್ರದರ್ಶನದ ಉದ್ಘಾಟನೆಗೆ ಕರೆದವರು ‘ಮೆಲ್ಲಗೆ ನುಡಿಸಿ, ಅತಿಥಿಗಳು ಮಾತನಾಡುತ್ತಿರುತ್ತಾರೆ’ ಎಂದರು. ನಾನು ತೋಡಿ ವಿಸ್ತರಿಸುತ್ತಿದ್ದೇನೆ, ಎದುರಿಗೆ ಇಬ್ಬರು ಜಿಎಸ್‌ಟಿ ವಿಸ್ತರಿಸುತ್ತಿದ್ದಾರೆ.”

“ಯಾರು ಮೊದಲು ಮುಗಿಸಿದರು?”

“ಜಿಎಸ್‌ಟಿಗೆ ಮಂಗಳವೆಲ್ಲಿ ರಾಯರೇ?”

ಆಗ ಮೇಷ್ಟ್ರು ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಕಥೆ ತೆಗೆದರು. ಎರಡನೇ ಮಹಾಯುದ್ಧ ಶುರುವಾದಾಗ ಬಾಂಬಿಗೆ ಹೆದರಿ ಚಿತ್ರಗಳನ್ನೆಲ್ಲ ಲಂಡನ್ನಿನಿಂದ ಹೊರಗೆ ಸಾಗಿಸಿದರು. ಕೊನೆಗೆ ಅವು ವೇಲ್ಸ್‌ನ ಒಂದು ಕಲ್ಲುಗಣಿಯೊಳಗೆ ಸೇರಿದವು. ಗೋಡೆ ಬರಿದು, ಸಂಗೀತ ಸಭಾಂಗಣಗಳಿಗೆ ಬೀಗ. ಪಿಯಾನೊ ವಾದಕಿ ಮೈರಾ ಹೆಸ್ ಆ ಬರಿದಾದ ಗ್ಯಾಲರಿಯಲ್ಲೇ ಮಧ್ಯಾಹ್ನದ ಕಛೇರಿ ಆರಂಭಿಸಿದರು. 1939ರ ಅಕ್ಟೋಬರ್ 10ರಂದು ಮೊದಲನೆಯದು, ಪ್ರವೇಶಕ್ಕೆ ಒಂದು ಶಿಲಿಂಗ್. 1946ರ ಏಪ್ರಿಲ್‌ವರೆಗೆ ನಡೆದ ಕಛೇರಿಗಳು 1,698.

“ಚಿತ್ರವೇ ಇಲ್ಲದ ಚಿತ್ರಶಾಲೆ!” ವಕೀಲರಿಗೆ ತಮ್ಮ ಪಕ್ಷವೇ ಗೆದ್ದಂತಾಯಿತು.

“ತಿನ್ನುವುದಕ್ಕೆ?” ಎಂದರು ರಾಯರು.

“ಇತ್ತು. ಜೇನು, ಒಣದ್ರಾಕ್ಷಿ ಹಾಕಿದ ಸ್ಯಾಂಡ್‌ವಿಚ್ ಅಲ್ಲಿ ಹೆಸರುವಾಸಿ.”

“ನಾಗರಿಕತೆ ಎಂದರೆ ಅದು.”

ನನಗೆ ಹಿಡಿಸಿದ್ದು ಮುಂದಿನ ಭಾಗ. 1942ರಲ್ಲಿ ಜನ ಚಿತ್ರ ನೋಡಬೇಕೆಂದು ಕೇಳಿದಾಗ, ಗಣಿಯಿಂದ ತಿಂಗಳಿಗೆ ಒಂದೇ ಒಂದು ಚಿತ್ರವನ್ನು ತಂದು ತೂಗುಹಾಕಲಾರಂಭಿಸಿದರು. ಒಂದು ಕಟ್ಟಡ, ಒಂದು ಚಿತ್ರ. ಬಾಂಬು ಬಿದ್ದರೂ ಒಂದೇ ಹೋಗುತ್ತದೆ ಎಂಬ ಲೆಕ್ಕವಿರಬಹುದು, ಆದರೆ ನೋಡಲು ಜನ ಮುಗಿಬಿದ್ದರು. ಯುದ್ಧವಿಲ್ಲದೆಯೂ ನಾವೇಕೆ ಹಾಗೆ ಮಾಡಬಾರದು? ತಿಂಗಳಿಗೆ ಒಂದು ಚಿತ್ರ. ಅದರ ಮೇಲೆ ಮಾತು, ಅದರ ಎದುರೇ ಸಂಗೀತ, ಭಾನುವಾರ ಮಕ್ಕಳೂ ಅದರ ಮುಂದೆಯೇ ಕೂತು ಬರೆಯಲಿ.

“ಮಕ್ಕಳು ಎಲ್ಲಿ ಬರೆಯುತ್ತಾರೆ!” ಮೇಷ್ಟ್ರು ನಕ್ಕರು. ಇಂಥ ಕಾರ್ಯಾಗಾರಗಳನ್ನು ಅವರು ನಡೆಸಿಕೊಟ್ಟವರು. ಮೊದಲ ಹತ್ತು ನಿಮಿಷ ಬ್ರಷ್ ಮಗುವಿನ ಕೈಯಲ್ಲಿರುತ್ತದಂತೆ. ಆಮೇಲೆ ‘ಆನೆಗೆ ಹಸಿರು ಬಣ್ಣ ಯಾರಾದರೂ ಹಾಕುತ್ತಾರೆಯೇ?’ ಎಂದು ಅಪ್ಪ ಕಸಿದುಕೊಳ್ಳುತ್ತಾನೆ. ಅಪ್ಪನ ಆನೆ ಎಮ್ಮೆಯಾದಾಗ ಅಮ್ಮ ಸರಿಪಡಿಸಲು ಬರುತ್ತಾಳೆ. ಮಗು ಅಷ್ಟರಲ್ಲಿ ಕಿಟಕಿಯ ಬಳಿ ಕಾವಲುಗಾರನ ಜೊತೆ ಸ್ನೇಹ ಬೆಳೆಸಿರುತ್ತದೆ. “ಕೊನೆಗೆ ಬಹುಮಾನ ಯಾವಾಗ ಕೊಡುತ್ತೀರಿ ಎಂದು ಕೇಳುವುದೂ ಅಪ್ಪನೇ. ಬಹುಮಾನವಿಲ್ಲ ಎಂದರೆ ಮುಂದಿನ ವಾರ ಬರುವುದಿಲ್ಲ.”

ರಾಯರ ಮೊಮ್ಮಗಳು ಮಾತ್ರ ಇನ್ನೊಂದು ಜಾತಿ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂಗೆ ಅವಳನ್ನು ಕರೆದುಕೊಂಡು ಹೋದಾಗ ರಸ್ತೆಯಲ್ಲೇ ನಿಂತು, “ತಾತ, ಇದು ನೀರಿನ ಟ್ಯಾಂಕ್” ಎಂದಳಂತೆ. ತಾತ ಗದರಿದರಂತೆ. ಮೇಷ್ಟ್ರು ಬೆಂಚಿನ ಮೇಲೆ ಕೈ ತಟ್ಟಿದರು. “ಗದರಿದ್ದು ತಪ್ಪು ರಾಯರೇ! ಉಕ್ಕಿನ ನೀರಿನ ಟ್ಯಾಂಕನ್ನು ಮನಸ್ಸಿನಲ್ಲಿಟ್ಟುಕೊಂಡೇ ವಾಸ್ತುಶಿಲ್ಪಿಗಳು ಅದನ್ನು ವಿನ್ಯಾಸ ಮಾಡಿದ್ದು. ಶನಿವಾರದ ಉಪನ್ಯಾಸವನ್ನು ಅವಳಿಂದಲೇ ಮಾಡಿಸೋಣ.”

ವಕೀಲರು ಮತ್ತೆ ವಿಷಯಕ್ಕೆ ಬಂದರು. “ತಿಂಗಳಿಗೆ ಒಂದೇ ಚಿತ್ರ ಎಂದರೆ ಯಾವ ಚಿತ್ರ? ತೀರ್ಮಾನಿಸುವವರು ಯಾರು? ಮೇಲ್ಮನವಿ ಎಲ್ಲಿ?”

“ಯಾವುದಾದರೂ ಆಗಲಿ,” ಎಂದರು ಟೀಚರಮ್ಮ. “ಮಾತು ಕನ್ನಡದಲ್ಲಿರಲಿ, ಇಪ್ಪತ್ತು ನಿಮಿಷಕ್ಕೆ ಮುಗಿಯಲಿ. ಕುರ್ಚಿಗಳು ಭಾಷಣಕಾರನ ಕಡೆಗಲ್ಲ, ಚಿತ್ರದ ಕಡೆಗೆ ತಿರುಗಿರಲಿ.”

ರಾಯರಿಗೆ ಗಾಬರಿಯಾಯಿತು. “ಹಾಗೆ ಕೂರಿಸಿದರೆ ಮಧ್ಯದಲ್ಲಿ ಎದ್ದು ಹೋಗುವುದು ಹೇಗೆ?”

“ಧಾರಾಳವಾಗಿ ಹೋಗಿ,” ಎಂದರು ಮೇಷ್ಟ್ರು. “ಚಿತ್ರವನ್ನು ಬಾಗಿಲ ಪಕ್ಕದಲ್ಲೇ ತೂಗುಹಾಕಿಸುತ್ತೇನೆ.”