ಕ್ಯಾರವಾನ್‌ಗೆ ಒಂದು ಆಕ್ಸಲ್ಲೋ, ಎರಡೋ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಹೊಸ ಸದಸ್ಯ: ಮೊದಲ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ) ಕೊಳ್ಳುತ್ತಿದ್ದೇವೆ. ಸಿಂಗಲ್ ಆಕ್ಸಲ್ (ಚಕ್ರದ ಅಚ್ಚು ಒಂದೇ) ಒಳ್ಳೆಯದೋ, ಟ್ಯಾಂಡಮ್ಮೋ (ಹಿಂದೆ ಮುಂದೆ ಎರಡು ಅಚ್ಚು)?

ಮೆಕ್ಯಾನಿಕ್: ನಿಮ್ಮ ಕಾರು ಎಷ್ಟು ತೂಕ ಎಳೆಯಬಲ್ಲದು ಅಂತ ಮೊದಲು ನೋಡಿ. ಚಿಕ್ಕ ಗಾಡಿ, ಇಕ್ಕಟ್ಟಾದ ಜಾಗ, ಕೈಯಲ್ಲೇ ತಳ್ಳಿ ನಿಲ್ಲಿಸಬೇಕು ಅಂದರೆ ಸಿಂಗಲ್. ಉದ್ದದ, ಭಾರದ ಗಾಡಿಗೆ ಟ್ಯಾಂಡಮ್. ಅದು ಓಲಾಡುವುದು ಕಡಿಮೆ. ಆದರೆ ನಾಲ್ಕು ಟೈರು, ನಾಲ್ಕು ಬೇರಿಂಗ್ ನೋಡಿಕೊಳ್ಳಬೇಕು. ಬಿಗಿ ತಿರುವಿನಲ್ಲಿ ಟೈರ್ ಉಜ್ಜಿ ಸವೆಯುತ್ತದೆ.

ಹಿಂದಿನ ಸೀಟು: ಸರ್, ನಮ್ಮದು ಸಿಂಗಲ್. ಸಾಮಾನು ಸೇರಿ 1,400 ಕಿಲೋ. 85 ಕಿಮೀ ವೇಗ ದಾಟಿದರೆ ಬಾಲ ಅಲ್ಲಾಡಿಸುತ್ತದೆ. ಮೊನ್ನೆ ಲಾರಿ ಪಕ್ಕದಲ್ಲಿ ಹೋದಾಗ ಕಾರನ್ನೂ ಎಳೆದಾಡಿತು. ಹಿಂದೆ ಎರಡು ಸೈಕಲ್ ಕಟ್ಟಿದ್ದೆವು. ಟ್ಯಾಂಡಮ್ ತಗೊಂಡರೆ ಸರಿಹೋಗುತ್ತಾ?

ಮೆಕ್ಯಾನಿಕ್: ಇದು ನನಗೆ ಭಯ ಹುಟ್ಟಿಸುವ ಕೇಸು. ಗಾಡಿ ಬದಲಿಸುವ ಮಾತು ಆಮೇಲೆ, ಮೊದಲು ಸೈಕಲ್ ಇಳಿಸಿ. ನಿಮ್ಮದು ಹಿಂಭಾರ ಆಗಿದೆ. ಹಿಂದೆ ಭಾರ ಹೆಚ್ಚಾದಷ್ಟೂ ಮೂತಿ, ಅಂದರೆ ಕಾರಿಗೆ ಸಿಕ್ಕಿಸುವ ಮುಂದಿನ ತುದಿ, ಹಗುರವಾಗುತ್ತದೆ, ಮೂತಿ ಹಗುರವಾದರೆ ಬಾಲ ಅಲ್ಲಾಡುತ್ತದೆ. ಮೂತಿಯ ಮೇಲೆ ಒಟ್ಟು ತೂಕದ ಶೇ. 5ರಿಂದ 7 ಇರಲಿ. ನಿಮಗೆ 70ರಿಂದ 98 ಕಿಲೋ. ಕಾರಿನ ಅಥವಾ ಹಿಚ್ಚಿನ (ಗಾಡಿ ಸಿಕ್ಕಿಸುವ ಕೊಂಡಿಯ) ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಆ ಮಿತಿ ದಾಟಬೇಡಿ. ಹಿಂದಿನ ಭಾರ ಹಾಗೇ ಬಿಟ್ಟು ಮುಂದೆ ಅಷ್ಟೇ ಭಾರ ಹೇರಿ ಸರಿದೂಗಿಸುವ ಉಪಾಯ ಬೇಡ. ಎರಡು ತುದಿಯಲ್ಲೂ ಭಾರ ಇದ್ದರೆ ಒಮ್ಮೆ ಶುರುವಾದ ಓಲಾಟ ಬೇಗ ನಿಲ್ಲುವುದಿಲ್ಲ. ಭಾರದ ಸಾಮಾನು ಆಕ್ಸಲ್ ಹತ್ತಿರ, ನೆಲದ ಮೇಲೆ ಇಡಿ. ಸಮ ನೆಲದಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟು, ಮೂತಿಯ ಕೆಳಗೆ ಮರದ ತುಂಡು ನಿಲ್ಲಿಸಿ, ಮನುಷ್ಯರ ತೂಕದ ಮೆಷಿನ್ನಲ್ಲೇ ತೂಗಬಹುದು. ಟೈರಿನ ತಾರೀಕನ್ನೂ ಓದಿ ಹೇಳಿ.

ಹಳೇ ಚಾಲಕ: ನಮ್ಮ ಗ್ರೂಪಿಗೆ ಒಂದು ಮೆಸೇಜ್ ಬಂದಿತ್ತು. ಓಲಾಡಿದರೆ ಆಕ್ಸಿಲರೇಟರ್ ಒತ್ತಬೇಕು, ಗಾಡಿ ನೇರ ಆಗುತ್ತದಂತೆ.

ಮೆಕ್ಯಾನಿಕ್: ಆ ಮೆಸೇಜ್ ಅಳಿಸಿಬಿಡಿ. ವೇಗ ಹೆಚ್ಚಿದಷ್ಟೂ ಓಲಾಟ ಹೆಚ್ಚು. ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ, ಕಾರಿನ ಬ್ರೇಕ್ ಜೋರಾಗಿ ಒತ್ತಬೇಡಿ. ಫಾರ್ವರ್ಡ್ ಮಾಡಿದವರು ಯಾರೂ ನಿಮ್ಮ ಗಾಡಿ ಎತ್ತಲು ಬರುವುದಿಲ್ಲ.

ದೂರಪಯಣಿಗ: ಟ್ಯಾಂಡಮ್‌ಗೆ ಮೂವರ್ ಮೋಟಾರ್ (ಕಾರಿಲ್ಲದೆ ಗಾಡಿ ಸರಿಸುವ ಮೋಟಾರ್) ಎರಡು ಬೇಕಾ, ನಾಲ್ಕಾ?

ಹಳೇ ಚಾಲಕ: ಟ್ಯಾಂಡಮ್‌ನಲ್ಲಿ ಒಂದು ಟೈರ್ ಒಡೆದರೂ ಮನೆವರೆಗೆ ಓಡಿಸಬಹುದು. ಅದೇ ಅದರ ಮಜಾ.

ಹೊಸ ಸದಸ್ಯ: ಉಳಿದ ಟೈರ್ ಸುಡಲ್ವಾ?

ಹಳೇ ಚಾಲಕ: ನಾನು ಓಡಿಸಿದ್ದೇನೆ. ನೀವಿನ್ನೂ ಗಾಡಿ ಕೊಂಡೇ ಇಲ್ಲ.

ಹೊಸ ಸದಸ್ಯ: ಕೊಂಡಿಲ್ಲ ಅಂದರೆ ಕೇಳಬಾರದಾ?

ಮೆಕ್ಯಾನಿಕ್: ಅವರು ಕೇಳಿದ್ದು ಸರಿ. ಆ ಬದಿಯ ಭಾರವೆಲ್ಲ ಹೆಚ್ಚುಕಮ್ಮಿ ಒಂದೇ ಟೈರ್ ಮೇಲೆ ಬೀಳುತ್ತದೆ. ನಿಧಾನವಾಗಿ ಸುರಕ್ಷಿತ ಜಾಗಕ್ಕೆ ಹೋಗಿ ನಿಲ್ಲಿಸಿ, ಅಷ್ಟೇ. ಇನ್ನೊಂದು: ಟ್ಯಾಂಡಮ್ ಮಟ್ಟವಾಗಿ ನಿಲ್ಲಬೇಕು. ಮೂತಿ ಮೇಲೆದ್ದರೆ ಹಿಂದಿನ ಆಕ್ಸಲ್‌ಗೇ ಭಾರ ಜಾಸ್ತಿ.

ಬೆಟ್ಟದ ದಾರಿ: ಸಿಂಗಲ್ಲಾ ಟ್ಯಾಂಡಮ್ಮಾ, ಒಂದೇ ಮಾತಲ್ಲಿ ಹೇಳಿ ಸರ್.

ಮೆಕ್ಯಾನಿಕ್: ಮೇಲೆ ಓದಿ.

ದೂರಪಯಣಿಗ: ಮೂವರ್?

ಹಿಂದಿನ ಸೀಟು: ತೂಗಿದೆ ಸರ್. ಸೈಕಲ್ ಇದ್ದಾಗ ಮೂತಿಯಲ್ಲಿ 38 ಕಿಲೋ. ಇಳಿಸಿದ ಮೇಲೆ 66. ಟೈರ್ ಮೇಲೆ 1216 ಅಂತಿದೆ. ಗೀರು (ಟ್ರೆಡ್) ಚೆನ್ನಾಗಿಯೇ ಇದೆ.

ಮೆಕ್ಯಾನಿಕ್: ಭಾರ ಇನ್ನೂ ಸ್ವಲ್ಪ ಮುಂದಕ್ಕೆ ಸರಿಸಿ. 1216 ಅಂದರೆ 2016ರ 12ನೇ ವಾರ. ಗೀರಿದ್ದರೇನು, ರಬ್ಬರ್ ಮುದಿಯಾಗಿದೆ. ಟೈರ್ ಬದಲಿಸುವ ತನಕ ಗಾಡಿ ಹೊರಗೆ ತೆಗೆಯಬೇಡಿ.