ವೈರ್‌ಲೆಸ್ ಬ್ರಿಡ್ಜ್: ರೌಟರ್ ಕನೆಕ್ಟ್ ಆಗಿದೆ, ಅದಕ್ಕೆ ಹಾಕಿದ ಕಂಪ್ಯೂಟರ್‌ಗೆ ಮಾತ್ರ ನೆಟ್ ಇಲ್ಲ

ಮಹಡಿಕೋಣೆ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮುಖ್ಯ ರೌಟರ್ ಕೆಳಗಿನ ಹಾಲ್‌ನಲ್ಲಿದೆ. ಮಹಡಿಯ ಕೋಣೆಯಲ್ಲಿ ಒಂದು ಡೆಸ್ಕ್‌ಟಾಪ್, ಒಂದು ಪ್ರಿಂಟರ್ ಇದೆ. ಎರಡಕ್ಕೂ ವೈಫೈ ಇಲ್ಲ, ಲ್ಯಾನ್ ಪೋರ್ಟ್ ಅಷ್ಟೇ. ಬಾಡಿಗೆ ಮನೆ, ಗೋಡೆ ಕೊರೆಯುವ ಹಾಗಿಲ್ಲ. ಹಾಗಾಗಿ ಸುಮ್ನೆ ಬಿದ್ದಿದ್ದ ಇನ್ನೊಂದು ಕಂಪನಿಯ ರೌಟರನ್ನು ಮೇಲಿಟ್ಟು ಬ್ರಿಡ್ಜ್ (ಎರಡು ರೌಟರ್‌ಗಳ ನಡುವೆ ವೈಫೈನಲ್ಲೇ ಕೊಂಡಿ) ಮಾಡಲು ಹೊರಟಿದ್ದೇನೆ.

ಮೇಲಿನದರಲ್ಲಿ ಡಬ್ಲ್ಯೂಡಿಎಸ್ (ರೌಟರ್‌ಗಳನ್ನು ಗಾಳಿಯಲ್ಲೇ ಜೋಡಿಸುವ ಆಯ್ಕೆ) ಆನ್ ಮಾಡಿ, ಕೆಳಗಿನ ವೈಫೈ ಹೆಸರು, ಪಾಸ್‌ವರ್ಡ್ ಕೊಟ್ಟೆ. ಅದರ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ಆಫ್ ಮಾಡಿದೆ. ಸ್ಟೇಟಸ್‌ನಲ್ಲಿ ಕನೆಕ್ಟೆಡ್ ಅಂತ ಬಂತು. ಆದರೆ ಡೆಸ್ಕ್‌ಟಾಪ್‌ಗೆ 169.254 ಅಂತ ಶುರುವಾಗುವ ಐಪಿ ಬರುತ್ತಿದೆ, ನೆಟ್ ಇಲ್ಲ. ಈಗ ಮೇಲಿನ ರೌಟರ್‌ನ ಸೆಟ್ಟಿಂಗ್ ಪುಟವೂ ತೆರೆಯುತ್ತಿಲ್ಲ. ಎರಡೂ ರೌಟರ್‌ಗಳ ವಿಳಾಸ 192.168.1.1. ಕೆಳಗಿನ ಲ್ಯಾಪ್‌ಟಾಪ್‌ನಿಂದ ಮೇಲಿನ ಪ್ರಿಂಟರ್‌ಗೆ ಪ್ರಿಂಟ್ ಕೊಡಲು ಆಗಬೇಕು, ನನಗೆ ಅದೇ ಮುಖ್ಯ.

ಹಸಿರುದೀಪ:

ಇಷ್ಟೆಲ್ಲ ಯಾಕೆ? ಒಂದು ಮೆಶ್ ಸೆಟ್ (ಒಟ್ಟಿಗೆ ಒಂದೇ ವೈಫೈ ಕೊಡುವ ಜೋಡಿ ರೌಟರ್‌ಗಳು) ತಗೊಳ್ಳಿ, ಮುಗೀತು.

ಗಾಳಿತಂತಿ:

ಒಂದು ಡೆಸ್ಕ್‌ಟಾಪ್, ಒಂದು ಪ್ರಿಂಟರ್‌ಗೆ ಹೊಸದು ಕೊಳ್ಳುವುದು ಬೇಡ. ನಿಮ್ಮ ಹತ್ತಿರ ಇರುವುದರಲ್ಲೇ ಆಗುತ್ತದೆ.

ಮೊದಲು ಆ 169.254 ನೋಡಿ. ಐಪಿ ಕೊಡಿ ಅಂತ ಕೇಳಿದಾಗ ಯಾರೂ ಉತ್ತರ ಕೊಡದಿದ್ದರೆ ಕಂಪ್ಯೂಟರ್ ತಾನೇ ಹಾಕಿಕೊಳ್ಳುವ ವಿಳಾಸ ಅದು. ಅಂದರೆ ಕೆಳಗಿನ ರೌಟರ್‌ನ ಡಿಎಚ್‌ಸಿಪಿ ಮೇಲಿನವರೆಗೆ ತಲುಪುತ್ತಿಲ್ಲ. ಸೆಟ್ಟಿಂಗ್ ಪುಟ ಹೋಗಿದ್ದೂ ಇದೇ ಕಾರಣಕ್ಕೆ, ರೌಟರ್ ಕೆಟ್ಟಿಲ್ಲ. ಡೆಸ್ಕ್‌ಟಾಪ್‌ಗೆ ಕೈಯಾರೆ 192.168.1.10, ಮಾಸ್ಕ್ 255.255.255.0 ಕೊಡಿ, ಪುಟ ಮತ್ತೆ ತೆರೆಯುತ್ತದೆ. ಅದರೊಳಗೆ ಹೋದ ತಕ್ಷಣ ಮೇಲಿನ ರೌಟರ್‌ನ ಲ್ಯಾನ್ ವಿಳಾಸವನ್ನು 192.168.1.2 ಮಾಡಿ. ಒಂದೇ ನೆಟ್‌ವರ್ಕ್‌ನಲ್ಲಿ ಎರಡು 192.168.1.1 ಇರಲೇಬಾರದು. ಕೆಳಗಿನ ರೌಟರ್ ಹಂಚುವ ವಿಳಾಸಗಳ ಸಾಲಿನಲ್ಲಿ .2 ಮತ್ತು .10 ಇಲ್ಲ ಅಂತ ಒಮ್ಮೆ ನೋಡಿಕೊಳ್ಳಿ.

ಈಗ ಮುಖ್ಯ ವಿಷಯ. 'ಕನೆಕ್ಟೆಡ್' ಅಂತ ಬಂದರೆ ಬ್ರಿಡ್ಜ್ ಆಯಿತು ಅಂತ ತುಂಬಾ ಜನ ತಿಳಿದುಕೊಳ್ಳುತ್ತಾರೆ. ಅಲ್ಲ. ಮೊಬೈಲ್ ಕನೆಕ್ಟ್ ಆಗುತ್ತಲ್ವಾ, ಮೇಲಿನ ರೌಟರ್ ಕೂಡ ಹಾಗೇ ಒಂದು ಸಾಧನವಾಗಿ ಕನೆಕ್ಟ್ ಆಗಿರುತ್ತದೆ, ಅಷ್ಟೇ. ಮಾಮೂಲಿ ವೈಫೈ ಫ್ರೇಮ್‌ನಲ್ಲಿ (ಗಾಳಿಯಲ್ಲಿ ಹೋಗುವ ಡೇಟಾದ ಒಂದು ಕಟ್ಟು) ಮೂರು ಮ್ಯಾಕ್ ವಿಳಾಸಗಳಿರುತ್ತವೆ, ಮ್ಯಾಕ್ ಅಂದರೆ ಪ್ರತಿ ಸಾಧನದ ಹಾರ್ಡ್‌ವೇರ್ ಗುರುತು. ಯಾವ ಆಕ್ಸೆಸ್ ಪಾಯಿಂಟ್ (ವೈಫೈ ಕೊಡುವ ರೌಟರ್), ಯಾರು ಕಳಿಸಿದ್ದು, ಯಾರಿಗೆ. ಮೇಲಿನ ರೌಟರ್ ತನ್ನ ಹಿಂದಿರುವ ಡೆಸ್ಕ್‌ಟಾಪ್ ಪರವಾಗಿ ಕಳಿಸಿದಾಗ, 'ಗಾಳಿಯಲ್ಲಿ ಕಳಿಸಿದವನು ನಾನು, ನಿಜವಾಗಿ ಕಳಿಸಿದ್ದು ಡೆಸ್ಕ್‌ಟಾಪ್' ಅಂತ ಎರಡನ್ನೂ ಬರೆಯಲು ಅಲ್ಲಿ ಜಾಗ ಇಲ್ಲ. ಡಬ್ಲ್ಯೂಡಿಎಸ್ ನಾಲ್ಕು ವಿಳಾಸಗಳ ಫ್ರೇಮ್ ಬಳಸುತ್ತದೆ, ಅದರ ಉಪಯೋಗವೇ ಇದು. ಆದರೆ ಎರಡೂ ಕಡೆಯವರಿಗೆ ಅದು ಅರ್ಥವಾಗಬೇಕು. ಒಂದೊಂದು ಕಂಪನಿ ಒಂದೊಂದು ಥರ ಮಾಡಿರುವುದರಿಂದ, ಬೇರೆ ಬೇರೆ ಕಂಪನಿಯ ರೌಟರ್‌ಗಳ ನಡುವೆ ಡಬ್ಲ್ಯೂಡಿಎಸ್ ಕೈಕೊಡುವುದು ಜಾಸ್ತಿ.

ಕೆಳಗಿನ ರೌಟರ್‌ನಲ್ಲಿ ಡಬ್ಲ್ಯೂಡಿಎಸ್ ಆಯ್ಕೆ ಇದೆಯಾ? ಇದ್ದರೆ ಅಲ್ಲೂ ಆನ್ ಮಾಡಿ. ಚಾನೆಲ್ 'ಆಟೋ' ಬೇಡ. 2.4 ಗಿಗಾಹರ್ಟ್ಸ್‌ನಲ್ಲಾದರೆ 1, 6, 11ರಲ್ಲಿ ಒಂದನ್ನು ಹಿಡಿದು ಎರಡರಲ್ಲೂ ಅದನ್ನೇ ಇಡಿ. ಇಲ್ಲದಿದ್ದರೆ ಕೆಳಗಿನದು ಚಾನೆಲ್ ಬದಲಿಸಿದ ದಿನ ಮೇಲಿನ ಕೊಂಡಿ ಕಳಚಬಹುದು.

ಕೆಳಗೆ ಆ ಆಯ್ಕೆ ಇಲ್ಲದಿದ್ದರೆ ಮೇಲಿನದರಲ್ಲಿ ರಿಪೀಟರ್ ಮೋಡ್ (ಕೆಳಗಿನ ವೈಫೈ ಹಿಡಿದು ಮುಂದೆ ಹಂಚುವುದು) ಹುಡುಕಿ. ಅದರಲ್ಲಿ ಸಾಮಾನ್ಯವಾಗಿ ರೌಟರ್ ತನ್ನ ಹಿಂದಿರುವವರ ಮ್ಯಾಕ್ ವಿಳಾಸವನ್ನು ತಾನೇ ಬದಲಿಸಿ ಕಳಿಸುತ್ತದೆ, ಹಾಗಾಗಿ ಕೆಳಗಿನ ರೌಟರ್‌ನ ಸಹಕಾರ ಬೇಕಿಲ್ಲ. ಡಬ್ಲ್ಯೂಐಎಸ್‌ಪಿ ಮೋಡ್ (ಕೆಳಗಿನ ವೈಫೈಯನ್ನೇ ಹೊರಗಿನ ಇಂಟರ್ನೆಟ್ ಕೊಂಡಿಯಂತೆ ಬಳಸುವುದು) ಮಾತ್ರ ಬೇಡ. ನೆಟ್ ಚೆನ್ನಾಗಿಯೇ ಬರುತ್ತದೆ, ಆದರೆ ಮೇಲೆ ಬೇರೆ ನೆಟ್‌ವರ್ಕ್ ಆಗಿ ಪ್ರಿಂಟರ್ ನ್ಯಾಟ್ (ಒಳಗಿನ ವಿಳಾಸಗಳನ್ನು ರೌಟರ್‌ನ ಒಂದೇ ವಿಳಾಸದ ಹಿಂದೆ ಮರೆಮಾಡುವುದು) ಹಿಂದೆ ಕೂರುತ್ತದೆ. ಲ್ಯಾಪ್‌ಟಾಪ್‌ಗೆ ಅದು ಕಾಣುವುದಿಲ್ಲ.

ಮಹಡಿಕೋಣೆ:

ತುಂಬಾ ಥ್ಯಾಂಕ್ಸ್! ಪುಟ ತೆರೆಯಿತು, .2 ಮಾಡಿದೆ. ಕೆಳಗಿನದರಲ್ಲಿ ಡಬ್ಲ್ಯೂಡಿಎಸ್ ಇಲ್ಲವೇ ಇಲ್ಲ. ಮೇಲಿನದರಲ್ಲಿ ರಿಪೀಟರ್ ಮೋಡ್ ಇತ್ತು, ಹಾಕಿದೆ. ಡೆಸ್ಕ್‌ಟಾಪನ್ನು ಮತ್ತೆ ಆಟೋ ಐಪಿಗೆ ಬದಲಿಸಿದರೆ 192.168.1.104 ಬಂತು! ಪ್ರಿಂಟ್ ಕೂಡ ಆಯಿತು. ಎರಡು ಸಂಶಯ ಉಳಿದಿವೆ. ಕೆಳಗಿನ ರೌಟರ್‌ನ ಪಟ್ಟಿಯಲ್ಲಿ ಡೆಸ್ಕ್‌ಟಾಪ್, ಪ್ರಿಂಟರ್ ಎರಡಕ್ಕೂ ಒಂದೇ ಮ್ಯಾಕ್ ಕಾಣುತ್ತಿದೆ, ಇದು ಸರಿಯಾ? ಮತ್ತೆ ಸ್ಪೀಡ್ ಕಮ್ಮಿ. ರೌಟರ್ ಈಗ ಕೋಣೆಯ ಒಳಗೆ, ಮೇಜಿನ ಕೆಳಗಿದೆ.

ಗಾಳಿತಂತಿ:

ಒಂದೇ ಮ್ಯಾಕ್ ಸರಿಯೇ, ನಾನು ಹೇಳಿದ ಆ ಬದಲಾವಣೆ ಅದು. ಆದರೆ ಕೆಳಗಿನ ರೌಟರ್‌ನಲ್ಲಿ ಮ್ಯಾಕ್ ನೋಡಿ ಪ್ರಿಂಟರ್‌ಗೆ ಐಪಿ ಕಾಯ್ದಿರಿಸಲು ಹೋಗಬೇಡಿ, ಗೊಂದಲವಾಗುತ್ತದೆ. ಪ್ರಿಂಟರ್‌ನ ಮೆನುವಿನಲ್ಲೇ ಖಾಯಂ ಐಪಿ ಕೊಡಿ.

ಮೇಜಿನ ಕೆಳಗಿಂದ ಅದನ್ನು ದಯವಿಟ್ಟು ತೆಗೆಯಿರಿ. ಸಿಗ್ನಲ್ ಸತ್ತ ಜಾಗದಲ್ಲಿ ಎರಡನೇ ರೌಟರ್ ಇಟ್ಟರೆ ಅದಕ್ಕೂ ಸತ್ತ ಸಿಗ್ನಲ್ಲೇ ಸಿಗುವುದು. ಬಾಗಿಲ ಹತ್ತಿರ, ಮೆಟ್ಟಿಲಿನ ಕಡೆ ಎತ್ತರದಲ್ಲಿಟ್ಟು, ಅಲ್ಲಿಂದ ಡೆಸ್ಕ್‌ಟಾಪ್‌ಗೆ ಉದ್ದದ ಲ್ಯಾನ್ ಕೇಬಲ್ ಎಳೆಯಿರಿ. ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ಆರಾಮಾಗಿ ನಡೆಯುತ್ತದೆ, ಕೋಣೆಯೊಳಗಿನ ದೂರ ಲೆಕ್ಕಕ್ಕೇ ಇಲ್ಲ. ಸಿಗ್ನಲ್ ಅಂಕಿ ತೋರಿಸಿದರೆ ಮೈನಸ್ 65 ಡಿಬಿಎಂ ಆಸುಪಾಸು ಬರುವ ಜಾಗ ಹುಡುಕಿ. ಮೈನಸ್ 80 ಅಂದರೆ ತೀರಾ ಕಮ್ಮಿ.

ಜಾಗ ಬದಲಿಸುವಾಗ ಡೆಸ್ಕ್‌ಟಾಪ್‌ನಲ್ಲಿ 192.168.1.1ಕ್ಕೆ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಅಂತ ಅಳೆಯುವ ಕಮಾಂಡ್) ಓಡುತ್ತಿರಲಿ. ಹೊರಗಿನ ವೆಬ್‌ಸೈಟಿಗಲ್ಲ, ಕೆಳಗಿನ ರೌಟರ್‌ಗೇ. ಆಗ ನಿಮ್ಮ ಕೊಂಡಿಯ ಕಥೆ ಮಾತ್ರ ಕಾಣುತ್ತದೆ. ಟೈಮ್ ಒಂದೇ ಸಮ ಕೆಲವೇ ಮಿಲಿಸೆಕೆಂಡ್ ಇದ್ದರೆ ಜಾಗ ಒಳ್ಳೆಯದು. ಒಮ್ಮೆ 3, ಒಮ್ಮೆ 400 ಅಂತ ಕುಣಿದರೆ ಇನ್ನೂ ಸರಿಸಿ.

ಮೇಲಿನ ರೌಟರ್‌ನ ಸ್ವಂತ ವೈಫೈ ಬೇಡವಾದರೆ, ಆಯ್ಕೆ ಇದ್ದರೆ ಆಫ್ ಮಾಡಿ. ಒಂದೇ ರೇಡಿಯೋ ಕೆಳಗಿನಿಂದ ತಂದು ಮತ್ತೆ ಗಾಳಿಯಲ್ಲೇ ಹಂಚಿದರೆ ಸ್ಪೀಡ್ ಹೆಚ್ಚು ಕಮ್ಮಿ ಅರ್ಧವಾಗುತ್ತದೆ. ಲ್ಯಾನ್ ಪೋರ್ಟ್‌ನಲ್ಲಿರುವವರಿಗೆ ಆ ಹೊಡೆತ ಇಲ್ಲ.

ಹಸಿರುದೀಪ:

ಒಂದು ಮಾತು ಸೇರಿಸ್ತೀನಿ. ಬ್ರಿಡ್ಜ್ ನಡೆಯುತ್ತಿರುವಾಗ ಪರೀಕ್ಷೆಗೆ ಅಂತ ಎರಡು ರೌಟರ್‌ಗಳ ಲ್ಯಾನ್ ಪೋರ್ಟ್ ನಡುವೆ ಕೇಬಲ್ ಹಾಕಬೇಡಿ. ಲೂಪ್ ಆಗಿ, ಅಂದರೆ ಡೇಟಾ ಸುತ್ತುತ್ತಲೇ ಇದ್ದು, ಪೋರ್ಟ್ ದೀಪಗಳೆಲ್ಲ ಬಿಡದೆ ಮಿಣುಕುತ್ತವೆ, ಮನೆಯ ನೆಟ್ ಪೂರ್ತಿ ನಿಲ್ಲಬಹುದು.

ಮಹಡಿಕೋಣೆ:

ಬಾಗಿಲ ಪಕ್ಕದ ಕಪಾಟಿನ ಮೇಲಿಟ್ಟೆ, ಪಿಂಗ್ ಈಗ 2, 3ರಲ್ಲೇ ನಿಂತಿದೆ. ಮೇಲಿನ ವೈಫೈ ಆಫ್ ಮಾಡುವ ಆಯ್ಕೆ ರಿಪೀಟರ್ ಮೋಡ್‌ನಲ್ಲಿ ಕಾಣಲಿಲ್ಲ.

ಗಾಳಿತಂತಿ:

ಹಾಗಾದರೆ ಅದರ ಹೆಸರನ್ನು ಕೆಳಗಿನದಕ್ಕಿಂತ ಬೇರೆ ಇಡಿ, ಪಾಸ್‌ವರ್ಡ್ ಹಾಕಿ. ಮೊಬೈಲ್‌ಗಳು ತಾವಾಗಿ ಅದಕ್ಕೆ ಹೋಗಿ ಅಂಟಿಕೊಳ್ಳುವುದಿಲ್ಲ.