ಬೋರ್ ನೀರಿನ ತಪ್ಪಲ್ಲ ಚಿಕ್ಕಮ್ಮ

ಚಿಕ್ಕಮ್ಮ, ಕ್ಲಿನಿಕ್ ಮುಗಿಸಿ ಈಗ ಗ್ರೂಪ್ ನೋಡಿದೆ. ನಿಮ್ಮ ಡಾಲ್ಮೇಷಿಯನ್ ನಾಯಿ ಟೈಗರ್‌ಗೆ ಯೂರೇಟ್ ಕಲ್ಲು, ಅಂದರೆ ಯೂರಿಕ್ ಆ್ಯಸಿಡ್‌ನಿಂದಾಗುವ ಮೂತ್ರದ ಕಲ್ಲು ಅಂದಿದ್ದಾರೆ, ಮಾವ ಮಂಡ್ಯದ ಬೋರ್ ನೀರನ್ನು ಬೈಯುತ್ತಿದ್ದಾರೆ, ದೊಡ್ಡಮ್ಮ ಬಾಳೆದಿಂಡಿನ ರಸ ಕುಡಿಸಿ ಅನ್ನುತ್ತಿದ್ದಾರೆ. ಪಾಪ ನೀರನ್ನು ಬಿಟ್ಟುಬಿಡಿ ಮಾವ. ಇದು ಡಾಲ್ಮೇಷಿಯನ್ ಜಾತಿಗೆ ಹುಟ್ಟಿನಿಂದಲೇ ಬರೋದು.

ಬೇರೆ ಹೆಚ್ಚಿನ ನಾಯಿಗಳಲ್ಲಿ ಯೂರಿಕ್ ಆ್ಯಸಿಡ್ ಲಿವರ್‌ಗೆ ಹೋಗಿ ಅಲಾಂಟೊಯಿನ್ ಅನ್ನೋ ಬೇರೆ ವಸ್ತು ಆಗುತ್ತದೆ, ಅದು ಮೂತ್ರದಲ್ಲಿ ಸುಲಭವಾಗಿ ಕರಗುತ್ತದೆ. ಡಾಲ್ಮೇಷಿಯನ್‌ಗಳಲ್ಲಿ ಯೂರಿಕ್ ಆ್ಯಸಿಡನ್ನು ಲಿವರ್ ಒಳಗೆ ಬಿಡುವ ಬಾಗಿಲೇ ಕೆಟ್ಟಿದೆ, ಅದಕ್ಕೇ ಅದು ಹಾಗೇ ಮೂತ್ರಕ್ಕೆ ಬಂದು ಕಲ್ಲಾಗಬಹುದು. ಆ ಜೀನ್ ಯಾವುದು ಅಂತ 2008ರಲ್ಲಿ ಗೊತ್ತಾಯಿತು. ಹಾಗಂತ ಎಲ್ಲಕ್ಕೂ ಕಲ್ಲಾಗಲ್ಲ. ಆದರೆ ತೊಂದರೆಯಾಗೋದು ಗಂಡಿಗೇ ಜಾಸ್ತಿ.

ಎಕ್ಸ್‌ರೇಯಲ್ಲಿ ಕಾಣಲಿಲ್ಲ, ಸ್ಕ್ಯಾನ್‌ನಲ್ಲಿ ಕಂಡಿತು, ಯಾರನ್ನು ನಂಬೋದು ಅಂತ ಕೇಳಿದ್ದೀರಿ. ಇಬ್ಬರೂ ಸರಿ. ಯೂರೇಟ್ ಕಲ್ಲು ಮಾಮೂಲಿ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ.

ಈಗ ಮುಖ್ಯವಾದ್ದು. ಕಾಂಪೌಂಡ್ ಹತ್ತಿರ ಕಾಲೆತ್ತಿ ಸುಮ್ನೆ ನಿಂತೇ ಇರುತ್ತಾನೆ, ತೊಟ್ಟು ತೊಟ್ಟು ಬರುತ್ತದೆ ಅಂದಿರಲ್ಲ, ಅದೂ ನಿಂತರೆ ರಾತ್ರಿಯಾಗಲಿ, ಭಾನುವಾರವಾಗಲಿ, ತಕ್ಷಣ ಕರೆದುಕೊಂಡು ಹೋಗಿ. ಗಂಡು ನಾಯಿಗೆ ಜನನಾಂಗದಲ್ಲೊಂದು ಸಣ್ಣ ಮೂಳೆ ಇರುತ್ತದೆ, ಕಲ್ಲು ಬಂದು ಅದರ ಹಿಂದೆಯೇ ಸಿಕ್ಕಿಕೊಳ್ಳೋದು. ಬಾಳೆದಿಂಡು ಕುಡಿಸಿ ಬೆಳಗಿನವರೆಗೆ ಕಾದರೆ ಜೀವಕ್ಕೇ ಅಪಾಯ, ದೊಡ್ಡಮ್ಮ ಬೇಜಾರು ಮಾಡ್ಕೋಬೇಡಿ.

ಭಾನುವಾರ ಮಟನ್ ಅಂಗಡಿಯಿಂದ ಅವನಿಗೇ ಅಂತ ತರುವ ಲಿವರ್, ಕಿಡ್ನಿ ಇನ್ನು ಬೇಡ. ಒಣಮೀನೂ ಬೇಡ. ಇವುಗಳಿಂದ ಯೂರಿಕ್ ಆ್ಯಸಿಡ್ ಜಾಸ್ತಿಯಾಗುತ್ತದೆ. ಅನ್ನ, ಬೇಯಿಸಿದ ಮೊಟ್ಟೆ ನಡೆಯುತ್ತದೆ, ಅಳತೆ ಡಾಕ್ಟರನ್ನೇ ಕೇಳಿ. ಊಟಕ್ಕೆ ಧಾರಾಳವಾಗಿ ನೀರು ಬೆರೆಸಿ. ಯೂರಿಕ್ ಆ್ಯಸಿಡ್ ಕಡಿಮೆ ಮಾಡುವ ಅಲೊಪ್ಯೂರಿನಾಲ್ ಮಾತ್ರೆ ಬರೆದುಕೊಟ್ಟರೆ ಇನ್ನೂ ಹುಷಾರು, ಆ ಮಾತ್ರೆ ಕೊಡುತ್ತಾ ಲಿವರ್ ತಿನ್ನಿಸಿದರೆ ಜಾಂಥೀನ್ ಅನ್ನೋ ಇನ್ನೊಂದು ಕಲ್ಲು ಶುರುವಾಗಬಹುದು.

ಇನ್ನು ಭಾವ, ಮಂಡ್ಯದವರ ಹೆಣ್ಣು ಡಾಲ್ಮೇಷಿಯನ್ ಜೊತೆ ಕ್ರಾಸ್ ಮಾಡಿಸೋ ವಿಷಯ. ಎರಡೂ ಈ ಮಾಮೂಲಿ ತಳಿಯವಾದರೆ ಒಂದು ಮರಿಯೂ ಈ ಜೀನ್ ದೋಷದಿಂದ ತಪ್ಪಿಸಿಕೊಳ್ಳಲ್ಲ. ಅಮೆರಿಕದಲ್ಲಿ 1973ರಲ್ಲಿ ಒಬ್ಬ ವಿಜ್ಞಾನಿ ಡಾಲ್ಮೇಷಿಯನ್‌ಗೆ ಪಾಯಿಂಟರ್ ಅನ್ನೋ ಬೇರೆ ಜಾತಿ ನಾಯಿ ಕೂಡಿಸಿ, ಆಮೇಲೆ ತಲೆಮಾರುಗಟ್ಟಲೆ ಮತ್ತೆ ಡಾಲ್ಮೇಷಿಯನ್‌ಗೇ ಕೂಡಿಸಿ ಒಳ್ಳೆ ಜೀನ್ ಇರುವ ಸಾಲು ಮಾಡಿದರು. ಜಾತಿ ನಾಯಿಗಳನ್ನು ನೋಂದಾಯಿಸುವ ಅಲ್ಲಿನ ಕೆನಲ್ ಕ್ಲಬ್ ಅದನ್ನು ಒಪ್ಪಿದ್ದು 2011ರಲ್ಲಿ. ಚುಕ್ಕಿ ಚೆನ್ನಾಗಿದ್ದರೆ ಸಾಕು ಅನ್ನೋರು ಅಲ್ಲೂ ಇದ್ದರು! ಮಂಡ್ಯದ ಹೆಣ್ಣು ಆ ಸಾಲಿನದು ಅಂತ ಟೆಸ್ಟ್ ರಿಪೋರ್ಟ್ ತೋರಿಸಿದರೆ ನೋಡೋಣ. ಇಲ್ಲದಿದ್ದರೆ ಬೇಡ ಅಂತ ನೀವೇ ಫೋನ್ ಮಾಡಿ ಹೇಳಿ ಭಾವ, ನಾನು ಹೇಳಿದರೆ ಜಗಳ ಆಗುತ್ತದೆ.